ಕುಳಿತೇ ನಿದ್ದೆ ಮಾಡಿದ ಬಾಣಂತಿ

ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ನನಗೆ ಮಲಗುವುದೆಂದರೆ ಹೆದರಿಕೆ ಶುರುವಾಯಿತು. ಬೆನ್ನು ಹಾಸಿಗೆಗೆ ತಾಗಿದರೆ ಸಾಕು, ಎದೆಯ ಮೇಲೆ ನೆನೆದ ಗೋಣಿಚೀಲ ಹೇರಿದಂತೆ ಉಸಿರು ಕಟ್ಟುತ್ತಿತ್ತು. ಎದ್ದು ಕುಳಿತರೆ ಸ್ವಲ್ಪ ಸಡಿಲ. ಹಾಗಾಗಿ ಗೋಡೆಗೆ ದಿಂಬು ಒತ್ತಿಕೊಂಡು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತೇ ಇರುತ್ತಿದ್ದೆ. ಕುತ್ತಿಗೆ ವಾಲಿದಾಗ ಒಂದಿಷ್ಟು ನಿದ್ದೆ, ಕೂಸು ಅತ್ತಾಗ ಎಚ್ಚರ. ನೋಡುವವರಿಗೆ ಕೂಸನ್ನು ಒಂದು ಗಳಿಗೆಯೂ ಕೆಳಗಿಳಿಸದ ತಾಯಿಯಂತೆ ಕಾಣುತ್ತಿದ್ದೆನೋ ಏನೋ. ಯಾರೂ ಏನೂ ಕೇಳಲಿಲ್ಲ.

ನಾವಿರುವುದು ಗೋಕಾಕದಲ್ಲಿ, ಹೊಳೆ ಏರಿದರೆ ಮೊದಲು ನೀರು ನುಗ್ಗುವ ತಗ್ಗಿನ ಓಣಿಯಲ್ಲಿ. ನನ್ನ ತವರು ಮೇಲವಂಕಿ. ಅವ್ವ ನಾನು ಸಾಲಿ ಕಲಿಯುವಾಗಲೇ ತೀರಿಕೊಂಡಳು. ಅಪ್ಪ ಕುರಿಗಳ ಹಿಂದೆ ಊರೂರು ತಿರುಗುವವನು. ತವರಿನಲ್ಲಿ ಬಾಣಂತನ ಮಾಡುವವರು ಯಾರೂ ಇಲ್ಲವೆಂದು ಅತ್ತೆ ನೀಲವ್ವನೇ ಸೆರಗು ಕಟ್ಟಿ ನಿಂತಿದ್ದಳು. ಹೆತ್ತ ಮಗಳಿಗೂ ಇಷ್ಟು ಮಾಡುತ್ತಿದ್ದಳೋ ಇಲ್ಲವೋ. ಬೆಳಿಗ್ಗೆ ಸುಡುನೀರು, ಶೇಗಡಿಯ ಕೆಂಡದ ಕಾವು, ಅಳ್ವಿ ಬೀಜದ ಪಾಯಸ, ಅಂಟಿನುಂಡಿ. ನನಗೆ ಒಂದು ಉಂಡೆ ಮುಗಿಸುವುದರಲ್ಲಿ ಸುಸ್ತು ಬರುತ್ತಿತ್ತು. ಪಾದಗಳು ಊದಿ ಕಾಲುಂಗುರ ಚರ್ಮದೊಳಗೆ ಹೂತಿತ್ತು. ಒಣಕೆಮ್ಮು ಬೇರೆ.

"ಹಡದ ಮೈ ಅಂದ್ರ ಹಂಗವಾ. ಸಿದ್ದಪ್ಪ ಹುಟ್ಟಿದಾಗ ನನ್ನ ಕಾಲೂ ಊದಿದ್ದೂ," ಎನ್ನುತ್ತಿದ್ದಳು ಅತ್ತೆ. ನಾನೂ ನಂಬಿದ್ದೆ. ಮೊದಲ ಹೆರಿಗೆ. ಹೇಗಿರಬೇಕು ಎಂದು ನನಗಾದರೂ ಏನು ಗೊತ್ತು?

ನಮ್ಮ ಓಣಿಯ ಆಶಾ ಕಾರ್ಯಕರ್ತೆ ಕಸ್ತೂರಿ, ಅತ್ತೆಯ ಜೀವದ ಗೆಳತಿ. ಇಬ್ಬರೂ ಒಂದೇ ಮಹಿಳಾ ಸಂಘದವರು. ಮಧ್ಯಾಹ್ನ ಎಷ್ಟೋ ಸಲ ನಮ್ಮ ಪಡಸಾಲೆಯಲ್ಲಿ ಕೂಡಿ ರೊಟ್ಟಿ ತಿನ್ನುತ್ತಿದ್ದರು. ಬಾಣಂತಿಯರನ್ನು ಮನೆಗೆ ಬಂದು ನೋಡುವುದು ಕಸ್ತೂರಿಯ ಕೆಲಸ. ಮೊದಲ ಸಲ ಬಂದಾಗ ಕೂಸಿನ ತೂಕ ಮಾಡಿ, ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆಯಾಗಿದೆ ಎಂದು ಕಬ್ಬಿಣಾಂಶದ ಗುಳಿಗೆ ಕೊಟ್ಟು ಹೋಗಿದ್ದಳು. ಎರಡನೆಯ ಸಲ ಬಂದಾಗ ಹೊಟ್ಟೆ ಮುಟ್ಟಿ ನೋಡಬೇಕಿತ್ತು.

"ಅಡ್ಡಾಗ ಸ್ವಲ್ಪ," ಅಂದಳು.

"ಬ್ಯಾಡ್ರಿ ಅಕ್ಕಾರ. ಮಕ್ಕೊಂಡ್ರ ಉಸರ ಕಟ್ಟತೈತಿ."

"ಯಾವಾಗಿಂದ?"

"ಹಡದ ಮ್ಯಾಲಿಂದ."

"ಮತ್ತ ದಿನಾ ಹೆಂಗ ಮಕ್ಕೋತಿ?"

"ಕುಂತ ಮಕ್ಕೋತೇನ್ರಿ."

ಕಸ್ತೂರಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೀರೆ ಸರಿಸಿ ಮೊಣಕಾಲಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿದಳು. ಬೆರಳು ತೆಗೆದ ಮೇಲೂ ಹಿಟ್ಟಿನ ಮುದ್ದೆಯಲ್ಲಿ ಬಿದ್ದ ಗುಳಿಯಂತೆ ಅದು ಹಾಗೇ ಉಳಿಯಿತು. "ನೀಲಕ್ಕಾ, ಇಕಿನ್ನ ಈಗಿಂದೀಗ ದವಾಖಾನಿಗೆ ಒಯ್ಯೂನು," ಎಂದಳು.

ಅತ್ತೆ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಬಂದಳು. "ಹಸಿ ಬಾಣಂತಿನ್ನ ಗಾಳ್ಯಾಗ ಒಯ್ತಿ? ಏನಾಗೇತಿ ಅಕಿಗೆ?"

"ಏನಾಗೇತಿ ಅಂತ ನನಗ ತಿಳಿವಲ್ದು. ತಿಳಿವಲ್ದು ಅಂತನ ಅಂಜಿಕಿ ಆಗಾಕತ್ತೈತಿ."

ನನ್ನ ಗಂಡ ಸಿದ್ದಪ್ಪ ವೆಲ್ಡಿಂಗ್ ಕೆಲಸದವರು. ಅಂದು ಯಾರದೋ ಮನೆಗೆ ಗೇಟು ಕೂಡಿಸಲು ಮೂಡಲಗಿಗೆ ಹೋಗಿದ್ದರು. ಅತ್ತೆ ಫೋನ್ ಮಾಡಿದಳು, ಕಸ್ತೂರಿ ಮಾಡಿದಳು. ಕಬ್ಬಿಣ ಕೊಯ್ಯುವ ಸದ್ದಿನಲ್ಲಿ ಅವರಿಗೆ ಕೇಳಿಸಿರಲಿಲ್ಲ. ಮಗ ಬಂದು ಹೇಳಲಿ ಎಂದು ಅತ್ತೆ ಹಟ ಹಿಡಿದಳು. ಅಷ್ಟರಲ್ಲಿ ನಾನು ಕಿವಿಗೆ ಕಟ್ಟಿದ ಬಟ್ಟೆ ಬಿಗಿಯಲು ಕೈ ಎತ್ತಿದೆ. ಅಷ್ಟಕ್ಕೇ ಉಸಿರು ಸಾಲದಾಯಿತು. ಬಾಯಿ ತೆರೆದು ಗಾಳಿ ಎಳೆದುಕೊಂಡೆ, ಒಳಗೆ ಏನೂ ಬರಲಿಲ್ಲ. ಅತ್ತೆ ನನ್ನ ತುಟಿ ನೀಲಿಗಟ್ಟಿದ್ದು ನೋಡಿ ಕೂಸನ್ನು ದುಪ್ಪಟಿಯಲ್ಲಿ ಸುತ್ತಿ ಎತ್ತಿಕೊಂಡಳು. ಕಸ್ತೂರಿ ಓಣಿಯ ಬಾಯಿಗೆ ಓಡಿ ಆಟೋ ತಂದಳು.

ತಾಲೂಕು ಆಸ್ಪತ್ರೆಯ ಡಾಕ್ಟರು ಎದೆಯ ಮೇಲೆ, ಬೆನ್ನಿನ ಮೇಲೆ ಯಂತ್ರ ಇಟ್ಟು ಕೇಳಿ, ಮೂಗಿಗೆ ಆಮ್ಲಜನಕ ಹಚ್ಚಿಸಿ, ಬೆಳಗಾವಿಗೆ ಒಯ್ಯಲು ಹೇಳಿದರು. ಅಂಬ್ಯುಲೆನ್ಸಿನಲ್ಲಿ ನಾನು ಅರ್ಧ ಕುಳಿತಂತೆ ಒರಗಿದ್ದೆ. ಎದುರಿಗೆ ಅತ್ತೆ, ಅವಳ ಮಡಿಲಲ್ಲಿ ಹಸಿದು ಅಳುವ ಕೂಸು. ಪಕ್ಕದಲ್ಲಿ ಕಸ್ತೂರಿ ನನ್ನ ಕೈ ಹಿಡಿದುಕೊಂಡಿದ್ದಳು. ಅವಳ ಅಂಗೈ ಬೆವರಿತ್ತು. ಅವಳಿಗೂ ಹೆದರಿಕೆ ಎಂದು ತಿಳಿದಾಗ ನನ್ನ ಧೈರ್ಯ ಪೂರ್ತಿ ಹೋಯಿತು. ನಾನು ಸತ್ತರೆ ಈ ಕೂಸಿನ ಗತಿ ಏನು ಎಂದು ಕೇಳಬೇಕೆನಿಸಿತು. ಕೇಳಲು ಉಸಿರಿರಲಿಲ್ಲ.

ಬೆಳಗಾವಿಯಲ್ಲಿ ಎದೆಯ ಮೇಲೆ ತಣ್ಣನೆಯ ಅಂಟು ಹಚ್ಚಿ ಎಕೋ ಪರೀಕ್ಷೆ ಮಾಡಿದರು. ಪರದೆಯ ಮೇಲೆ ಬೂದು ಬಣ್ಣದ ಏನೋ ಒಂದು ಸೋತು ಸೋತು ಅಲುಗುತ್ತಿತ್ತು. ಮಾಡುತ್ತಿದ್ದ ಹುಡುಗಿ ಮೊದಲು ಊರು, ಹೆಸರು ಕೇಳುತ್ತಿದ್ದವಳು ನಡುವೆಯೇ ಮಾತು ನಿಲ್ಲಿಸಿದಳು.

ಸಿದ್ದಪ್ಪ ಬಂದಾಗ ಅವರ ತಲೆಗೂದಲಲ್ಲಿ ಇನ್ನೂ ಕಬ್ಬಿಣದ ಪುಡಿ ಇತ್ತು. ಅತ್ತೆ, ಕಸ್ತೂರಿ ಕೂಸನ್ನು ಹಿಡಿದುಕೊಂಡು ವಾರ್ಡಿನ ಹೊರಗಿದ್ದರು. ಹೃದಯದ ಡಾಕ್ಟರು ಅವರನ್ನು ನನ್ನ ಮಂಚದ ಹತ್ತಿರವೇ ನಿಲ್ಲಿಸಿಕೊಂಡು, ಇದಕ್ಕೆ ಹಾರ್ಟ್ ಫೇಲ್ಯೂರ್ ಅನ್ನುತ್ತೇವೆ ಎಂದರು. ನಮ್ಮ ಕಡೆ ಯಾರಾದರೂ ಸತ್ತರೆ 'ಹಾರ್ಟ್ ಫೇಲ್ ಆತು' ಅನ್ನುತ್ತಾರೆ. ಆ ಮಾತಿಗೆ ನಮಗೆ ಗೊತ್ತಿದ್ದ ಅರ್ಥ ಅದೊಂದೇ. ಸಿದ್ದಪ್ಪ ನನ್ನ ಕಡೆ ಕೈ ತೋರಿಸಿ, "ಕುಂತಾಳಲ್ರೀ ಸಾಹೇಬ್ರ. ಕಣ್ಣ ತಕ್ಕೊಂಡ ನೋಡಾಕತ್ತಾಳಲ್ರೀ," ಎನ್ನುತ್ತಾ ನೆಲದ ಮೇಲೆ ಕುಸಿದು ಕುಳಿತರು.

ಡಾಕ್ಟರು ತಾವೂ ಸ್ಟೂಲು ಎಳೆದುಕೊಂಡು ಕೆಳಗೆ ಬಾಗಿದರು. "ಹಾರ್ಟ್ ನಿಂತಿಲ್ರಿ, ಅದು ದಣದೈತಿ. ಹಡದ ಮ್ಯಾಲ ಕೆಲವೊಬ್ರಿಗೆ ಹಿಂಗ ಆಗತೈತಿ. ರಕ್ತ ಮುಂದ ನೂಕೂ ಶಕ್ತಿ ಕಡಿಮಿ ಆಗಿ ಮೈಯಾಗ ನೀರ ನಿಂತೈತಿ. ಔಷಧ ಐತಿ. ಭಾಳ ಮಂದಿ ಸುಧಾರಸ್ತಾರ. ಎಷ್ಟ ಸುಧಾರಸ್ತಾರ ಅಂತ ಇವತ್ತ ಹೇಳಾಕ ಬರೂದಿಲ್ಲ."

ಅವರು ಇನ್ನೂ ಎರಡು ಮಾತು ಹೇಳಿದರು. ಎದೆಹಾಲು ನಿಲ್ಲಿಸುವ ಮಾತ್ರೆ ಕೊಡುತ್ತೇವೆ, ಹಾಲೂಡುವ ಶಕ್ತಿ ಈಗ ನಿಮ್ಮ ಮೈಗಿಲ್ಲ ಎಂಬುದು ಒಂದು. ಇನ್ನೊಂದನ್ನು ಸಿದ್ದಪ್ಪನವರನ್ನೇ ನೋಡುತ್ತಾ ಹೇಳಿದರು: "ಇಕಿ ಮತ್ತೊಮ್ಮೆ ಬಸರಾದ್ರ ಜೀವಕ್ಕ ಅಪಾಯ. ಇದನ್ನ ಮನ್ಯಾಗ ಎಲ್ಲಾರಿಗೂ ಹೇಳ್ರಿ."

ಮರುದಿನದಿಂದ ಕೂಸಿಗೆ ಅತ್ತೆ ಹೊರಗಿನ ಬೆಂಚಿನ ಮೇಲೆ ಕುಳಿತು ಪುಡಿ ಹಾಲು ಕುಡಿಸುತ್ತಿದ್ದಳು. ವಾರ್ಡಿನ ಆಚೆ ಯಾವ ಕೂಸು ಅತ್ತರೂ ನನ್ನ ರವಿಕೆ ಒದ್ದೆಯಾಗುತ್ತಿತ್ತು. ಎದೆಗೆ ಬಟ್ಟೆ ಬಿಗಿದಿದ್ದರು. ಕಾಯಿಲೆಯ ನೋವಿಗಿಂತ ಆ ನೋವಿಗೇ ನಾನು ಹೆಚ್ಚು ಅತ್ತಿದ್ದು. ಆದರೆ ಮೈಯಲ್ಲಿನ ನೀರು ಇಳಿದಂತೆ ಒಂದು ಮಧ್ಯಾಹ್ನ ನನಗೆ ಗೊತ್ತಿಲ್ಲದೆ ಅಡ್ಡಾಗಿ ನಿದ್ದೆ ಹೋಗಿದ್ದೆ. ಎಚ್ಚರವಾದಾಗ ಅತ್ತೆ ಕಾಲ ಬುಡದಲ್ಲಿ ಕುಳಿತು ನನ್ನ ಪಾದ ಸವರುತ್ತಿದ್ದಳು. "ಮಕ್ಕೊಂಡಿದ್ದೆಲ್ಲವಾ!" ಅಂದಳು, ನಾನು ಏನೋ ಗೆದ್ದು ಬಂದಂತೆ.

ಮನೆಗೆ ಬರುವ ದಾರಿಯಲ್ಲಿ ಸಿದ್ದಪ್ಪ ನನ್ನ ಕಿವಿಯ ಹತ್ತಿರ ಹೇಳಿದರು: "ಇನ್ನೊಂದ ಹಡಿಯೂ ವಿಚಾರ ಅವ್ವಗ ಈಗ ಹೇಳೂದ ಬ್ಯಾಡ. ಸೊಸಿ ಉಳದಾಳ ಅನ್ನೂ ಖುಷಿಯೊಳಗ ಅದಾಳ. ನಿಧಾನಕ್ಕ ಹೇಳೂನು." ಆ ನಿಧಾನ ಬಹಳ ಉದ್ದವಾಯಿತು.

ಕಸ್ತೂರಿಗೆ ಮಾತ್ರ ನಾನು ಹೇಳಿದೆ. ಅವಳು ಅತ್ತೆಗೆ ಹೇಳಲಿಲ್ಲ. "ನಿನ್ನ ಗಂಡ ಹೇಳಬೇಕಾದ ಮಾತ ಅದು," ಎಂದಳು. ವಾರಕ್ಕೊಮ್ಮೆಯಾದರೂ ಬಂದು ಕಾಲು ಒತ್ತಿ ನೋಡುವಳು, ಆರೋಗ್ಯ ಕೇಂದ್ರದ ತೂಕದ ಯಂತ್ರ ಹೊತ್ತು ತಂದು ನನ್ನನ್ನು ನಿಲ್ಲಿಸುವಳು. ತೂಕ ಒಮ್ಮೆಲೇ ಏರಿದರೆ ನೀರು ನಿಂತಿದೆ ಎಂದರ್ಥ. ಅಡುಗೆಯಲ್ಲಿ ಉಪ್ಪು ಕಡಿಮೆಯಾಯಿತು, ಉಪ್ಪಿನಕಾಯಿ, ಹಪ್ಪಳ ನಿಂತವು. ಕುಡಿಯುವ ನೀರಿಗೂ ಅಳತೆ. ಬೇಸಿಗೆಯಲ್ಲಿ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಾಗ ಯಾರನ್ನಾದರೂ ಬೈಯಬೇಕೆನಿಸುತ್ತಿತ್ತು. ಬೈಸಿಕೊಳ್ಳುತ್ತಿದ್ದವಳು ಕಸ್ತೂರಿ. "ಬೈ, ನನ್ನನ್ನ ಬೈ. ನೀರ ಮಾತ್ರ ಕುಡೀಬ್ಯಾಡ," ಎಂದು ನಗುತ್ತಿದ್ದಳು. ಆಚೆ ಓಣಿಯಲ್ಲಿ ಮಿಲ್ಲಿನಿಂದ ನಿವೃತ್ತರಾದ ಒಬ್ಬ ಅಜ್ಜನಿಗೂ ಇದೇ ಕಾಯಿಲೆ. ಒಂದು ದಿನ ಅವರಿಗೇ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು. "ಮೆಟ್ಟಲಾ ಏರೂವಾಗ ನಡುವ ನಿಂತ್ರ ನಾಚಬ್ಯಾಡವಾ. ನಾ ನಿಂತ ಮಂದಿ ಕೂಡ ಮಾತಾಡ್ತೇನಿ. ದಣದೇನಿ ಅಂತ ಯಾರಿಗೂ ತಿಳಿಯೂದಿಲ್ಲ," ಅಂದರು ಅಜ್ಜ. ಬಹಳ ದಿನಗಳ ಮೇಲೆ ನಾನು ಜೋರಾಗಿ ನಕ್ಕಿದ್ದು ಅಂದು.

ಮಗಳು ಸಾನ್ವಿ ಅಂಬೆಗಾಲಿಡುತ್ತಿದ್ದ ಮಳೆಗಾಲದಲ್ಲಿ ಹೊಳೆ ಬಂತು. ಬೆಳಿಗ್ಗೆ ಓಣಿಯ ಬಾಯಿಯಲ್ಲಿದ್ದ ನೀರು ಊಟದ ಹೊತ್ತಿಗೆ ಹೊಸ್ತಿಲು ದಾಟಿತು. ನಮ್ಮನ್ನೆಲ್ಲ ಎತ್ತರದ ಒಂದು ಶಾಲೆಗೆ ಸಾಗಿಸಿದರು. ಮಾತ್ರೆಗಳ ಚೀಲ ನನ್ನ ಸೊಂಟದಲ್ಲೇ ಇತ್ತು. ಆದರೆ ಮೈಯ ನೀರು ಇಳಿಸುವ ಮಾತ್ರೆ ತೆಗೆದುಕೊಂಡರೆ ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕು. ಇಡೀ ಶಾಲೆಯ ಹೆಂಗಸರಿಗೆ ಇದ್ದ ಶೌಚಾಲಯ ಒಂದೇ. ಬಾಗಿಲ ಮುಂದೆ ಅಂಗಳದವರೆಗೆ ಪಾಳಿ. ನಾನು ಮಾತ್ರೆ ಬಿಟ್ಟೆ. ಊಟಕ್ಕೆ ಬಂದದ್ದು ಉಪ್ಪು ಮುಂದಾದ ಚಿತ್ರಾನ್ನ. ಹಸಿವಿಗೆ ತಿಂದೆ.

ಕಸ್ತೂರಿಯ ಮನೆಯೂ ಮುಳುಗಿತ್ತು. ಮೊಣಕಾಲ ತನಕ ಒದ್ದೆ ಸೀರೆಯಲ್ಲೇ ಅವಳು ಕೋಣೆಯಿಂದ ಕೋಣೆಗೆ ತಿರುಗಿ ಜ್ವರ ಬಂದವರನ್ನು ನೋಡುತ್ತಿದ್ದಳು. ಕರಿಹಲಗೆಯ ಕೆಳಗೆ ಗೋಡೆಗೆ ಒರಗಿ ಕುಳಿತ ನನ್ನನ್ನು ಕಂಡು ನಿಂತಳು.

"ನೀರಿನ ಗುಳಿಗಿ ತಗೊಂಡಿಯೇನ?"

"ಪಾಳಿ ನೋಡ್ರಿ ಅಕ್ಕಾರ. ಹೆಂಗ ತಗೋಲಿ?"

ಬೈಯುತ್ತಾಳೆಂದುಕೊಂಡೆ. ಅವಳು ಪಾಳಿಯ ಕಡೆ ನೋಡಿ, "ಖರೆ ಐತಿ," ಎಂದು ಶಿಕ್ಷಕರ ಕೋಣೆಗೆ ಹೋದಳು. ಬರುವಾಗ ಅವರ ಶೌಚಾಲಯದ ಕೀಲಿ ಅವಳ ಕೈಯಲ್ಲಿತ್ತು. "ಬಸರೆಂಗಸರು, ಬ್ಯಾನಿ ಇದ್ದಾವ್ರು ಇದಕ್ಕ ಹೋಗ್ರಿ," ಎಂದು ಕೂಗಿ ಹೇಳಿದಳು. ಆದರೆ ನನಗೆ ಅದು ತಡವಾಗಿತ್ತು. ಎದ್ದು ನಿಂತರೆ ಕೆಮ್ಮು, ಕೆಮ್ಮಿದರೆ ಎದೆಯೊಳಗೆ ನೀರು ಗುಳುಗುಳಿಸಿದ ಸದ್ದು. ಹಳೆಯ ಗೋಣಿಚೀಲ ಮತ್ತೆ ಎದೆಯೇರಿತ್ತು. ಆಸ್ಪತ್ರೆಯ ದಾರಿಯಲ್ಲಿ ನೀರು ನಿಂತು ಆಟೋ ಹೋಗುವಂತಿರಲಿಲ್ಲ. ಸಿದ್ದಪ್ಪ, ಕಸ್ತೂರಿ ಸೇರಿ ನನ್ನನ್ನು ಸಾಮಾನು ಸಾಗಿಸುತ್ತಿದ್ದ ಟ್ರ್ಯಾಕ್ಟರಿನ ಟ್ರೇಲರಿಗೆ ಏರಿಸಿದರು. ನೀರು ಗಾಲಿಯ ಅರ್ಧಕ್ಕೆ ಬಂದಿತ್ತು. ನಡುದಾರಿಯಲ್ಲಿ ಇಂಜಿನ್ ಕೆಮ್ಮಿ ನಿಂತಿತು. ಡ್ರೈವರ್ ಇಳಿದು ಏನೋ ತಿರುವುತ್ತಿದ್ದ. ಸಿದ್ದಪ್ಪ ನನ್ನ ಬೆನ್ನಿಗೆ ಎದೆ ಕೊಟ್ಟು ಕುಳಿತಿದ್ದರು. ಅವರ ಎದೆಬಡಿತ ನನ್ನ ಬೆನ್ನಿಗೆ ತಿಳಿಯುತ್ತಿತ್ತು. ಮತ್ತೆ ಇಂಜಿನ್ ಹತ್ತಿಕೊಂಡಾಗ ಕಸ್ತೂರಿ ಅತ್ತೇಬಿಟ್ಟಳು. ಅವಳು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಇಂಜೆಕ್ಷನ್ ಕೊಟ್ಟ ಮೇಲೆ ನೀರು ಇಳಿಯಿತು, ಬದುಕಿಕೊಂಡೆ.

ಆಮೇಲಿನ ಎರಡು ವರ್ಷ ಮೆಲ್ಲಗೆ ಸುಧಾರಿಸಿಕೊಂಡೆ. ಪ್ರತಿ ಎಕೋ ಹಿಂದಿನದಕ್ಕಿಂತ ಸ್ವಲ್ಪ ಚೆನ್ನಾಗಿ ಬಂತು. ಬಸ್ ನಿಲ್ದಾಣದ ಹತ್ತಿರದ ಝೆರಾಕ್ಸ್ ಅಂಗಡಿಗೆ, ಹೆರಿಗೆಗೆ ಮೊದಲು ಮಾಡುತ್ತಿದ್ದ ಕೆಲಸಕ್ಕೇ, ಅರ್ಧ ದಿನ ಹೋಗಲು ಶುರು ಮಾಡಿದೆ. ನಾನು ಓಡಾಡುವುದನ್ನು ನೋಡಿ ಅತ್ತೆಗೆ ಆಸೆ ಹುಟ್ಟಿತು. "ಸಾನ್ವಿಗೆ ಒಬ್ಬ ತಮ್ಮ ಬೇಕಲ್ಲವಾ," ಎಂದು ಮೊದಲು ನಗುತ್ತಾ ಅಂದಳು. ಆಮೇಲೆ ನಗದೆ ಅಂದಳು. ಸಿದ್ದಪ್ಪ ಪ್ರತಿ ಸಲ ಎದ್ದು ಹೊರಗೆ ಹೋಗುತ್ತಿದ್ದರು.

ಅದೇ ಹೊತ್ತಿಗೆ ನನ್ನ ಮುಟ್ಟು ನಿಂತಿತು. ಹಿಂದೆ ವಂಕಿ, ಅಂದರೆ ಕಾಪರ್ ಟಿ, ಹಾಕಿಸಿಕೊಂಡಿದ್ದೆ, ರಕ್ತಸ್ರಾವ ನಿಲ್ಲದೆ ತೆಗೆಸಬೇಕಾಗಿತ್ತು. ಗರ್ಭ ನಿಲ್ಲದಂತೆ ನಾವು ಎಚ್ಚರಿಕೆ ವಹಿಸುತ್ತಲೇ ಇದ್ದೆವು. ಆದರೂ ದಿನ ದಾಟುತ್ತಿದ್ದಂತೆ ಅಂಗಡಿಯಲ್ಲಿ ಹಾಳೆಗಳ ಲೆಕ್ಕ ತಪ್ಪುತ್ತಿತ್ತು. ಕಾಗದದಷ್ಟು ತೆಳ್ಳಗಿನ ನನ್ನ ಹೃದಯ ಇನ್ನೊಂದು ಬಸಿರು ತಾಳೀತೇ ಎಂದು ಒಮ್ಮೆ, ಒಳಗೆ ಜೀವವಿದ್ದರೆ ಅದನ್ನು ತೆಗೆಸಬೇಕಲ್ಲ ಎಂದು ಒಮ್ಮೆ. ಎರಡೂ ವಿಚಾರ ಸಹಿಸಲಾಗುತ್ತಿರಲಿಲ್ಲ. ಕಸ್ತೂರಿಗೆ ಫೋನ್ ಮಾಡಿದೆ. ಅವಳು ಪರೀಕ್ಷೆಯ ಪಟ್ಟಿ ತಂದಳು. ಹಿತ್ತಲ ಬಚ್ಚಲಿನಲ್ಲಿ ನೀರಿನ ಹಂಡೆಯ ಮುಚ್ಚಳದ ಮೇಲೆ ಅದನ್ನಿಟ್ಟು ಇಬ್ಬರೂ ಕುಕ್ಕರಗಾಲಲ್ಲಿ ಕುಳಿತೆವು. ಮೊದಲ ಕೆಂಪು ಗೀಟು ಮೂಡಿತು. ಎರಡನೆಯದು ಮೂಡಬೇಕಾದ ಜಾಗವನ್ನೇ ಇಬ್ಬರೂ ನೋಡುತ್ತಿದ್ದೆವು. ಬೆಳಕಿಗೆ ಹಿಡಿದೆವು, ಮತ್ತೆ ಕೆಳಗಿಟ್ಟೆವು. ಅಲ್ಲಿ ಏನೂ ಇರಲಿಲ್ಲ.

"ಒಂದ ಐತಿ," ಅಂದಳು ಕಸ್ತೂರಿ. "ಒಂದ ಐತಿ. ಬಸರಿಲ್ಲ ನೀ."

ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಪಟ್ಟಿ ನೋಡಿದಳು, ನನ್ನ ಕಣ್ಣೀರು ನೋಡಿದಳು. ಅವಳ ಮುಖ ಅರಳಿತು. "ಖರೇನ? ಯಾವ ತಿಂಗಳವಾ?"

ಕಸ್ತೂರಿ ಎದ್ದು ನಿಂತಳು. "ನೀಲಕ್ಕಾ, ಬಸರಿಲ್ಲ. ಇದ್ದಿದ್ರ ಇವತ್ತ ನಾವೆಲ್ಲಾ ಅಳಬೇಕಾಗಿತ್ತ. ಇಕಿ ಇನ್ನೊಂದ ಹಡದ್ರ ಉಳಿಯೂ ಭರವಸಾ ಇಲ್ಲ. ಡಾಕ್ಟರ್ ಅವತ್ತ ಹೇಳ್ಯಾರ."

"ಅವತ್ತ ಅಂದ್ರ?"

"ಬೆಳಗಾವ್ಯಾಗ."

ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಇಷ್ಟ ವರ್ಷ ನನ್ನ ಕೂಡ ಕುಂತ ರೊಟ್ಟಿ ತಿಂದಿ. ನನ್ನ ಸೊಸಿ ಜೀವದ ಮಾತ ನನಗ ಹೇಳಲಿಲ್ಲ. ಮ್ಯಾಲ ಮ್ಯಾಲ ಗಂಡ ಕೂಸ ಬೇಕ ಅಂತ ಅಕಿ ಮುಂದ ನನ್ನ ಬಾಯಿಲೆ ಅನಿಸಿದ್ರಿ. ಹೋಗ ಕಸ್ತೂರಿ. ನಮ್ಮ ಮನಿ ಮೆಟ್ಟಲಾ ಏರಬ್ಯಾಡ."

ಕಸ್ತೂರಿ ಹಿತ್ತಲ ಬಾಗಿಲಿಂದಲೇ ಹೋದಳು. ಅವಳ ಚಪ್ಪಲಿ ಮುಂಬಾಗಿಲಲ್ಲೇ ಉಳಿದಿದ್ದವು.

ಸಿದ್ದಪ್ಪ ಕೆಲಸದಿಂದ ಬಂದ ಕೂಡಲೇ ಅತ್ತೆ ಕೇಳಿದಳು. ಅವರು ಅಡ್ಡಗೋಡೆಗೆ ಒರಗಿ ಎಲ್ಲ ಹೇಳಿದರು. ಮತ್ತೆ ಮಕ್ಕಳಾಗದಂತೆ ನನಗೆ ಆಪರೇಷನ್ ಮಾಡಿಸಲು ಅರಿವಳಿಕೆ ಕೊಡುವುದೇ ಅಪಾಯ ಎಂದು ಡಾಕ್ಟರು ಹೇಳಿದ್ದನ್ನೂ ಹೇಳಿದರು. ಕೊನೆಗೆ, "ಆಪರೇಶನ್ ನಾ ಮಾಡಸ್ಕೋತೇನಿ," ಎಂದರು.

"ಗಂಡಸ್ರು ಯಾರರ ಮಾಡಸ್ಕೋತಾರೇನ? ಕಬ್ಬಿಣ ಎತ್ತೂ ಮೈ ಅದು. ಶಕ್ತಿ ಹೋದ್ರ?"

"ಶಕ್ತಿ ಎಲ್ಲೂ ಹೋಗೂದಿಲ್ಲ ಅಂತ ಕಸ್ತೂರಕ್ಕ ಹೇಳ್ಯಾಳ. ಹೋದ್ರೂ ಹೋಗ್ಲಿ. ಅವ್ವಾ, ಇನ್ನೊಂದ ಕೂಸ ಬಂದ್ರ ನೀ ಎತ್ತಿ ಆಡಸ್ತಿ. ಇಕಿನ್ನ ನಾ ಎಲ್ಲಿಂದ ತರ್ಲಿ?"

ಅತ್ತೆ ಒಳಗೆ ಹೋದಳು. ಎಷ್ಟೋ ದಿನ ನಮ್ಮಿಬ್ಬರ ಜೊತೆ ಮಾತಾಡಲಿಲ್ಲ. ತಟ್ಟೆ ಮುಂದಿಡುವಳು, ತಿರುಗಿ ಹೋಗುವಳು. ಗೋಕಾಕದ ಆಸ್ಪತ್ರೆಯಲ್ಲಿ ಎಲ್ಲರೂ ಗುರುತಿನವರೇ ಎಂದು ಕಸ್ತೂರಿ ಫೋನಿನಲ್ಲೇ ವಿಚಾರಿಸಿ ಹುಕ್ಕೇರಿಯಲ್ಲಿ ದಿನ ಗೊತ್ತು ಮಾಡಿಸಿದಳು. ನಾವು ಹೊರಟ ಬೆಳಿಗ್ಗೆ ಅತ್ತೆ ಹೊರಬಂದು ಸಾನ್ವಿಯನ್ನು ನನ್ನ ಸೊಂಟದಿಂದ ಎತ್ತಿಕೊಂಡಳು. "ಕೂಸಿನ್ನ ನಾ ನೋಡಕೋತೇನಿ. ಹೋಗ್ರಿ, ಬಸ್ಸ ತಪ್ಪೀತು," ಎಂದಳು. ಮುಖ ಮಾತ್ರ ಬೇರೆ ಕಡೆ ಇತ್ತು.

ಅತ್ತೆ ನಮ್ಮನ್ನು ಕ್ಷಮಿಸಿದಳು. ಕಸ್ತೂರಿಯನ್ನು ಇನ್ನೂ ಕ್ಷಮಿಸಿಲ್ಲ. ಕಸ್ತೂರಿ ಈಗಲೂ ನನ್ನ ಕಾಲು ನೋಡಲು ಬರುತ್ತಾಳೆ, ಆದರೆ ಒಳಗೆ ಕಾಲಿಡುವುದಿಲ್ಲ. ನಾನೇ ಹೊರಗೆ ಕಟ್ಟೆಗೆ ಹೋಗಿ ಕುಳಿತು ಪಾದ ಮುಂದೆ ಚಾಚುತ್ತೇನೆ. ನನ್ನನ್ನು ಉಳಿಸಿಕೊಟ್ಟವಳು ಅದಕ್ಕಾಗಿ ತನ್ನ ಗೆಳತಿಯನ್ನು ಕಳೆದುಕೊಂಡಳು. ಕುಳಿತೇ ನಿದ್ದೆ ಮಾಡುವ ಬಾಣಂತಿಯರು ಬೇರೆ ಓಣಿಗಳಲ್ಲೂ ಇರಬಹುದು, ನನ್ನ ಹಾಗೆ ಅದನ್ನು ಸಹಜ ಎಂದುಕೊಂಡು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಆ ದಿನ ಹುಕ್ಕೇರಿಯ ಆಸ್ಪತ್ರೆಯಲ್ಲಿ ಸಿದ್ದಪ್ಪನವರನ್ನು ಒಳಗೆ ಕರೆದರು, ನಾನು ಬೆಂಚಿನ ಮೇಲೆ ಉಳಿದೆ. ಪಕ್ಕದ ಹೆಂಗಸು, "ಯಾರಿಗೆ ಆರಾಮಿಲ್ಲವಾ?" ಎಂದು ಕೇಳಿದಳು. ಇಷ್ಟು ವರ್ಷ ಬಾಗಿಲ ಒಳಗೆ ಹೋಗುತ್ತಿದ್ದವಳು ನಾನು. ಹೊರಗೆ ಕುಳಿತವರಿಗೆ ಹೊತ್ತು ಹೀಗೆ ಸರಿಯದೆ ನಿಲ್ಲುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮಾಡಿದ್ದು ಸರಿಯೋ, ಅತ್ತೆ ಹೇಳಿದಂತೆ ಏನಾದರೂ ಆದರೆ ಎಂದೆಲ್ಲ ತಲೆ ಕೆಟ್ಟುಹೋಯಿತು. ಬಾಗಿಲು ತೆರೆದಾಗಲೆಲ್ಲ ಎದ್ದು ನಿಂತೆ, ಬೇರೆ ಯಾರೋ ಬಂದರು.

"ಸಿದ್ದಪ್ಪನ ಕಡೆಯವ್ರು ಯಾರ್ರಿ?" ಎಂದು ನರ್ಸ್ ಕೂಗುವುದಕ್ಕೂ ಅವರು ಅವಳ ಹಿಂದೆಯೇ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು. ಹಣೆ ಬೆವರಿತ್ತು. ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿದ್ದರು.

"ನೋವಾತೇನ್ರಿ?"

"ವೆಲ್ಡಿಂಗ್ ಕಿಡಿ ಹಾರಿದಷ್ಟೂ ಆಗಲಿಲ್ಲ," ಎಂದು ನಗಲು ಹೋಗಿ ಮುಖ ಹಿಂಡಿದರು. "ಚಾ ಕುಡ್ಯೂನು ನಡಿ."

ಬಸ್ ನಿಲ್ದಾಣದ ಕಡೆ ನಡೆದೆವು. ಸ್ವಲ್ಪ ದೂರ ಹೋದ ಮೇಲೆ ಮಾತಾಡುತ್ತಾ ತಿರುಗಿ ನೋಡಿದರೆ ಪಕ್ಕದಲ್ಲಿ ಅವರಿರಲಿಲ್ಲ. ಕಾಲು ಅಗಲಿಸಿ, ಮೆಲ್ಲಗೆ, ಹಿಂದೆ ಬರುತ್ತಿದ್ದರು. ನಾನು ಅಷ್ಟು ಬೇಗ ನಡೆದು ಮುಂದೆ ಹೋಗಿದ್ದೆ, ಏದುಸಿರು ಕೂಡ ಬಂದಿರಲಿಲ್ಲ. ಅಲ್ಲೇ ನಿಂತು ಅವರಿಗಾಗಿ ಕಾದೆ.